ಕನ್ನಡದ ಗಣಕಕ್ಕೂ ಒಂದು ಟೂಲ್ ರೂಮು ಬೇಕು

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೆಂಬ ಸಂಸ್ಥೆಯೊಂದುಂಟು. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನೊಡನೆ ಸ್ಥಾಪಿತವಾದ ಈ ಸಂಸ್ಥೆಯನ್ನು ಕಸುಬಿನವರು ಟೂಲ್ ರೂಮು ಎಂದೇ ಕರೆಯುತ್ತಾರೆ. ಅದು ಅಂಗಡಿಯಲ್ಲಿ ಮಾರುವ ಸರಕನ್ನು ತಯಾರಿಸುವ ಸ್ಥಳವಲ್ಲ. ಸರಕನ್ನು ತಯಾರಿಸುವವರಿಗೆ ಬೇಕಾದ ಅಚ್ಚು, ಡೈ, ಗೇಜುಗಳನ್ನು ಮಾಡಿಕೊಡುವ ಮತ್ತು ಅವುಗಳನ್ನು ಮಾಡಬಲ್ಲ ಕೈಗಳನ್ನು ಪಳಗಿಸುವ ಸ್ಥಳ. ಕಾಮಾಕ್ಷಿಪಾಳ್ಯದ ಓಣಿಯಲ್ಲಿ ಒಂದೆರಡು ಲೇತುಗಳನ್ನಿಟ್ಟುಕೊಂಡು ಜೀವನ ಸಾಗಿಸುವ ಸಣ್ಣ ಕಾರ್ಖಾನೆಯವನು ಎಷ್ಟೇ ನಿಪುಣನಾಗಿದ್ದರೂ ಸೂಕ್ಷ್ಮವಾದ ಅಚ್ಚೊಂದನ್ನು ಮಾಡುವ ಯಂತ್ರಗಳನ್ನೆಲ್ಲ ತಾನೊಬ್ಬನೇ ಕೊಂಡಿಡಲಾರನು. ಒಬ್ಬೊಬ್ಬರಿಂದ ಆಗದುದನ್ನು ಎಲ್ಲರಿಗಾಗಿ ಒಂದೆಡೆ ಏರ್ಪಡಿಸಬೇಕೆಂಬ ವಿವೇಕವು ಅಂದಿನ ಸರ್ಕಾರದವರಿಗೆ ತೋರಿತು. ಉಪಕರಣವಿಲ್ಲದ ಕಸುಬು ಊನವಾದ ಕಸುಬೆಂಬುದನ್ನು ಅವರು ಅರಿತಿದ್ದರು.

ಆ ವಿವೇಕವನ್ನು ಇಂದು ಬೇರೊಂದು ಕಸುಬಿನ ವಿಷಯದಲ್ಲಿ ನೆನಪಿಗೆ ತರಬೇಕಾಗಿ ಬಂದಿರುವುದರಿಂದ ನಾವು ಈ ಮಾತನ್ನು ಎತ್ತಿದ್ದೇವೆ. 1949ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ತಲೆಯೆತ್ತಿದ ರಾಜಾಜಿನಗರವೂ, ಅದರ ನೆರೆಯ ಬಸವೇಶ್ವರನಗರ, ವಿಜಯನಗರಗಳೂ, ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಕೆಂಗೇರಿಯೂ ಈಗ ಯಂತ್ರದ ಕಸುಬಿನವರಿಗಿಂತ ತಂತ್ರಾಂಶದ ಕಸುಬಿನವರನ್ನೇ ಹೆಚ್ಚಾಗಿ ಬೆಳೆಸುತ್ತಿರುವಂತೆ ತೋರುತ್ತದೆ. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗದ ಮೆಟ್ರೋ ಪೂರ್ಣವಾಗಿ ತೆರೆದ ಮೇಲಂತೂ, ಬೆಳಗಿನ ಹೊತ್ತು ಕೆಂಗೇರಿಯಲ್ಲಿಯೂ ವಿಜಯನಗರದಲ್ಲಿಯೂ ಹತ್ತುವ ತರುಣ ತರುಣಿಯರು ಸುಮಾರು 43 ಕಿಲೋಮೀಟರುಗಳ ಆ ಹಾದಿಯನ್ನು ಹಿಡಿದು ಊರಿನ ಪೂರ್ವದಿಕ್ಕಿಗೆ ಹೋಗಿ, ಜಗತ್ತಿನ ನಾನಾ ದೇಶಗಳ ಬ್ಯಾಂಕು, ಅಂಗಡಿ, ವಿಮಾನ ಸಂಸ್ಥೆಗಳ ಲೆಕ್ಕವನ್ನು ನಡೆಸಿ ರಾತ್ರಿ ಮನೆಗೆ ಹಿಂದಿರುಗುತ್ತಾರೆ. ಮನೆಯಲ್ಲಿ ಅವರ ಮಾತು ಕನ್ನಡ, ಬೀದಿಯಲ್ಲಿ ಕನ್ನಡ, ಹಾಲಿನವನೊಡನೆ, ಕಂಡಕ್ಟರನೊಡನೆ, ದೇವಸ್ಥಾನದಲ್ಲಿ ಕನ್ನಡ. ಆದರೆ ಅವರ ಕಸುಬು ಕನ್ನಡಕ್ಕೆ ಒಂದು ಗಂಟೆಯಷ್ಟಾದರೂ ದೊರೆತಿದೆಯೇ ಎಂದು ಕೇಳಿದರೆ ಉತ್ತರ ಹೇಳಲು ನಾವೆಲ್ಲರೂ ಸಂಕೋಚಪಡಬೇಕಾಗುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಈ ಮಕ್ಕಳ ಮೇಲೆ ಹೊರಿಸಲು ನಮಗೆ ಮನಸ್ಸಿಲ್ಲ. ತಪ್ಪು ಅವರದಲ್ಲ, ಅವರಿಗೆ ಮನೆಯ ಕೆಲಸಕ್ಕೆ ಬೇಕಾದ ಉಪಕರಣವನ್ನೂ ಸ್ಥಳವನ್ನೂ ಒದಗಿಸಿಕೊಡದ ನಮ್ಮೆಲ್ಲರದು.

ತಂತ್ರಾಂಶದ ಕಸುಬಿನಲ್ಲಿ ಉಪಕರಣವೆಂದರೇನು ಎಂಬುದನ್ನು ಆ ಕಸುಬಿನವರಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಇಂದು ಜಗತ್ತಿನಲ್ಲಿ ಬಹಳವಾಗಿ ಬಳಕೆಯಲ್ಲಿರುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಪೈಥಾನ್ ಒಂದು. ಹಾಲೆಂಡಿನ ಗೀಡೋ ವಾನ್ ರಾಸಮ್ ಎಂಬ ವಿದ್ವಾಂಸರು ಇದನ್ನು ರಚಿಸಿ 1991ರಲ್ಲಿ ಹೊರಗಿಟ್ಟರು. ಅದನ್ನು ಬಳಸಲು ಯಾರೂ ಯಾರಿಗೂ ಹಣ ಕೊಡಬೇಕಾಗಿಲ್ಲ. ಅದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಭಾಷೆಯೊಂದರಿಂದಲೇ ಈ ಕೀರ್ತಿ ಬಂದುದಲ್ಲ. ಅದರ ಸುತ್ತ ಬೆಳೆದ ಸಮುದಾಯವು ಉಪಕರಣಗಳನ್ನು ಮಾಡಿತು. ಒಬ್ಬನು ಬರೆದುದನ್ನು ಮತ್ತೊಬ್ಬನು ಇಳಿಸಿಕೊಂಡು ಬಳಸಲು ಒಂದು ಸಾಮಾನ್ಯ ಕಣಜವಿದೆ. ಅದರಲ್ಲಿ 5 ಲಕ್ಷಕ್ಕೂ ಹೆಚ್ಚಿನ ಕಟ್ಟುಗಳಿವೆ. ಯಾರು, ಎಂದು, ಯಾವ ಸಾಲನ್ನು ಬದಲಾಯಿಸಿದರೆಂಬುದನ್ನು ಕಚೇರಿಯ ಆವಕ-ಜಾವಕ ಪುಸ್ತಕಕ್ಕಿಂತಲೂ ಕಟ್ಟುನಿಟ್ಟಾಗಿ ದಾಖಲಿಸುವ ಗಿಟ್ ಎಂಬ ಸಾಧನವಿದೆ. ಅದನ್ನು 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದರು. ಬರೆದುದು ಸರಿಯೇ ತಪ್ಪೇ ಎಂದು ಪ್ರತಿ ಬದಲಾವಣೆಯ ತರುವಾಯವೂ ತಾನಾಗಿಯೇ ಒರೆಹಚ್ಚಿ ನೋಡುವ ಪರೀಕ್ಷಾ ಸಾಧನಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ, ಬಲ್ಲವರು ಅರಿಯದವರಿಗೆ ಹೇಳಿಕೊಡುವ ಸಭೆಗಳಿವೆ. ಭಾರತದ ಮೊದಲ ಪೈಥಾನ್ ಸಮ್ಮೇಳನವು 2009ರಲ್ಲಿ ಸೇರಿದುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅದನ್ನು ನಡೆಸಿದವರು ಸಂಬಳದ ನೌಕರರಲ್ಲ, ಸ್ವಯಂಸೇವಕರು. ಇದು ನಮ್ಮ ಊರಿಗೆ ಹೆಮ್ಮೆಯ ವಿಷಯ.

ಈ ಯಂತ್ರವು ಕನ್ನಡಕ್ಕೆ ಹಗೆಯೇ ಎಂದರೆ, ಅಲ್ಲ. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದೀಚೆಗೆ, ಪ್ರೋಗ್ರಾಮಿನೊಳಗಣ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಇಡಬಹುದು. ಕನ್ನಡದ ಅಂಕಿಗಳಲ್ಲಿ ಬರೆದ ಸಂಖ್ಯೆಯನ್ನು ಕೊಟ್ಟರೆ ಅದು ಅರ್ಥಮಾಡಿಕೊಂಡು ಕೂಡಿ ಕಳೆಯುತ್ತದೆ. ಬಾಗಿಲಿಗೆ ಬೀಗವಿಲ್ಲ. ಆದರೆ ಒಳಗೆ ಹೋದವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ಹೇಗೆಂಬುದನ್ನು ಒಂದು ಚಿಕ್ಕ ಉದಾಹರಣೆಯಿಂದ ತೋರಿಸುತ್ತೇವೆ.

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಮೂರೆಂದು ಬೆರಳು ಮಡಿಚಿ ಹೇಳುತ್ತದೆ: ಕ, ನ್ನ, ಡ. ಪೈಥಾನನ್ನು ಕೇಳಿದರೆ ಅದು ಐದೆಂದು ಹೇಳುತ್ತದೆ. ಏಕೆಂದರೆ, ಲಿಪಿಗಳಿಗೆ ಜಗತ್ತೆಲ್ಲ ಒಪ್ಪಿರುವ ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ ‘ನ್ನ’ ಎಂಬ ಒತ್ತಕ್ಷರವು ಒಂದು ನಕಾರ, ಒಂದು ವಿರಾಮ ಚಿಹ್ನೆ, ಮತ್ತೊಂದು ನಕಾರ ಎಂದು ಮೂರು ಸಂಕೇತಗಳಾಗಿ ಶೇಖರವಾಗುತ್ತದೆ. ಯಂತ್ರವು ಸಂಕೇತಗಳನ್ನು ಎಣಿಸುತ್ತದೆಯೇ ಹೊರತು ಅಕ್ಷರಗಳನ್ನಲ್ಲ. ಓದುಗನ ಕಣ್ಣಿಗೆ ಒಂದಾಗಿ ಕಾಣುವುದನ್ನು ಒಂದಾಗಿ ಎಣಿಸಲು ಅದೇ ಯೂನಿಕೋಡ್ ಮಂಡಲಿಯವರು ಒಂದು ನಿಯಮಾವಳಿಯನ್ನು ಮಾಡಿದ್ದಾರೆ. 2023ರ 15.1ನೆಯ ಆವೃತ್ತಿಯಲ್ಲಿ, ಒತ್ತಕ್ಷರವನ್ನು ಒಡೆಯದೆ ಇಡಿಯಾಗಿ ಎಣಿಸಬೇಕೆಂಬ ನಿಯಮವನ್ನು ಅವರು ಹೊಸದಾಗಿ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ ಆ ನಿಯಮ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆದುದರಿಂದ ಆ ನಿಯಮಾವಳಿಯಂತೆ ಎಣಿಸಿದಾಗ ನಮ್ಮ ಪದಕ್ಕೆ ಬಂದ ಲೆಕ್ಕ ನಾಲ್ಕು. ಮಗು ಹೇಳಿದ್ದು ಮೂರು, ಯಂತ್ರ ಹೇಳಿದ್ದು ಐದು, ಅಂತಾರಾಷ್ಟ್ರೀಯ ನಿಯಮ ಹೇಳಿದ್ದು ನಾಲ್ಕು! ನಮ್ಮ ನುಡಿಯ ಹೆಸರಿನ ಅಕ್ಷರಗಳನ್ನು ಎಣಿಸುವುದರಲ್ಲಿಯೇ ಇಷ್ಟು ಮತಭೇದವಿದ್ದ ಮೇಲೆ ಉಳಿದುದನ್ನು ಹೇಳಬೇಕೇ?

ಇದನ್ನು ಪಂಡಿತರ ವಿನೋದವೆಂದು ತಳ್ಳಿಹಾಕುವವರಿರಬಹುದು. ಹಾಗಿಲ್ಲ. ಅರ್ಜಿಯ ನಮೂನೆಯೊಂದರಲ್ಲಿ ಹೆಸರಿಗೆ ಇಷ್ಟೇ ಅಕ್ಷರಗಳೆಂದು ಮಿತಿಯಿಟ್ಟಾಗ, ಅರ್ಧ ಹೆಸರಿಗೇ ಮಿತಿ ಮುಗಿದು ಒತ್ತಕ್ಷರವು ತುಂಡಾಗಿ ನಿಲ್ಲುವುದು ಈ ಎಣಿಕೆಯ ದೋಷದಿಂದ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ವಿಷಯವನ್ನು ನೋಡಿ. ನಮ್ಮ ವರ್ಣಮಾಲೆಯು ಹಕಾರದ ತರುವಾಯ ಳಕಾರದಿಂದ ಮುಗಿಯುತ್ತದೆ. ಯೂನಿಕೋಡಿನ ಕೋಷ್ಟಕದಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಕುಳಿತಿದೆ. ತಿಳಿಯದ ತಂತ್ರಜ್ಞನು ಸಂಕೇತಗಳ ಕ್ರಮವನ್ನೇ ನಂಬಿ ಪಟ್ಟಿ ಮಾಡಿದರೆ, ಬಸವನಗುಡಿಯ ತರುವಾಯ ಬರಬೇಕಾದ ಬಳ್ಳಾರಿಯು ಅದಕ್ಕಿಂತ ಮುಂಚೆ ಬಂದು ಕೂರುತ್ತದೆ; ಹುಡುಕುವವನು ಸರಿಯಾದ ಸ್ಥಳದಲ್ಲಿ ಹುಡುಕಿ, ಕಾಣದೆ, ಹೆಸರೇ ಇಲ್ಲವೆಂದು ಷರಾ ಬರೆಯುತ್ತಾನೆ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಗೋಪಾಲ ಎಂಬ ಹೆಸರಿನ ‘ಗೋ’ ಅಕ್ಷರದ ಓಕಾರವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು. ಎಕಾರ, ಊಕಾರ, ದೀರ್ಘ ಚಿಹ್ನೆಗಳೆಂಬ ಮೂರು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಎರಡೂ ಶಾಸ್ತ್ರಸಮ್ಮತವೇ; ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟು ಭೇದ ಕಾಣಿಸಬೇಕಾಗಿಲ್ಲ. ಆದರೆ ಯಂತ್ರಕ್ಕೆ ಅವರಿಬ್ಬರು ಬೇರೆ ಬೇರೆ ಗೋಪಾಲರು. ಒಂದು ಕಚೇರಿಯ ಕಡತದಲ್ಲಿ ಒಂದು ರೀತಿ, ಮತ್ತೊಂದು ಕಚೇರಿಯ ಕಡತದಲ್ಲಿ ಮತ್ತೊಂದು ರೀತಿ ಬರೆದಿದ್ದರೆ ಎರಡು ದಾಖಲೆಗಳೂ ಹೊಂದುವುದಿಲ್ಲವೆಂದು ಯಂತ್ರವು ತೀರ್ಪು ಕೊಡುತ್ತದೆ. ಇದಕ್ಕೆ ಮದ್ದು ಇಲ್ಲವೆಂದಲ್ಲ. ಎರಡನ್ನೂ ಒಂದೇ ರೂಪಕ್ಕೆ ತರುವ ಸಾಧನವು ಪೈಥಾನಿನೊಡನೆಯೇ ಬರುತ್ತದೆ. ಒಂದು ಸಾಲು ಬರೆದರೆ ಸಾಕು. ಆ ಒಂದು ಸಾಲನ್ನು ಬರೆಯಬೇಕೆಂಬ ತಿಳಿವಳಿಕೆ ಮಾತ್ರ ಎಲ್ಲರಲ್ಲಿಯೂ ಇಲ್ಲ. ಕನ್ನಡದ ಪಠ್ಯವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಕಾಲೇಜಿನಲ್ಲಿ ಕಲಿಸದಿದ್ದರೆ, ಕಚೇರಿಯಲ್ಲಿ ಕೇಳದಿದ್ದರೆ, ಹುಡುಗನಿಗೆ ಅದು ತಿಳಿಯುವುದಾದರೂ ಎಲ್ಲಿಂದ?

ಪಹಣಿ, ಖಾತೆ, ಮತದಾರರ ಪಟ್ಟಿ, ಪಡಿತರ ಚೀಟಿ, ಪರೀಕ್ಷೆಯ ಅಂಕಪಟ್ಟಿ, ಇವೆಲ್ಲವೂ ಇಂದು ಯಂತ್ರದೊಳಗೆ ಸೇರಿವೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಈ ಶತಮಾನದ ಆರಂಭದಲ್ಲಿಯೇ ಕರ್ನಾಟಕವು ಇಡೀ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಆ ದಾಖಲೆಗಳು ಕನ್ನಡದಲ್ಲಿದ್ದುವೆಂಬುದೇ ಅದರ ಹಿರಿಮೆ. ಹೀಗೆ ಪ್ರಜೆಯ ಜಮೀನು, ಮನೆ, ಮತ ಮೂರೂ ಅವನ ಹೆಸರಿನ ಕಾಗುಣಿತಕ್ಕೆ ಕಟ್ಟುಬಿದ್ದಿರುವಾಗ, ಆ ಕಾಗುಣಿತವನ್ನು ಯಂತ್ರವು ಸರಿಯಾಗಿ ಓದುವುದೋ ಇಲ್ಲವೋ ಎಂಬುದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಹೆಸರು ಹೊಂದಲಿಲ್ಲವೆಂದು ಕಚೇರಿಯಿಂದ ಕಚೇರಿಗೆ ಅಲೆಯುವ ವೃದ್ಧೆಯೊಬ್ಬಳಿಗೆ, ತನ್ನ ತೊಂದರೆಯ ಮೂಲವು ಒಂದು ಓಕಾರವೆಂಬುದನ್ನು ಯಾರು ತಿಳಿಸಬೇಕು?

ನಮ್ಮವರು ಕೈಕಟ್ಟಿ ಕುಳಿತಿದ್ದರೆಂದು ಹೇಳಿದರೆ ಕೃತಘ್ನತೆಯಾದೀತು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರಣೆಯಂತೆ ಮೂಡಿಸುವ ವಿನ್ಯಾಸವನ್ನು ಕಂಡುಹಿಡಿದರು. ಸರ್ಕಾರವು ಅದನ್ನೇ ಪ್ರಮಾಣವೆಂದು ಅಂಗೀಕರಿಸಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಹೊರತಂದು ಮನೆಮನೆಯ ಗಣಕಗಳಲ್ಲಿ ಕನ್ನಡವನ್ನು ಕಾಣಿಸಿದರು. ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯು ಕಚೇರಿ ಕಚೇರಿಗಳನ್ನು ಮುಟ್ಟಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡದ ತಂತ್ರಾಂಶಕ್ಕಾಗಿ ಕೊನೆಯವರೆಗೂ ದನಿಯೆತ್ತಿದರು. ಇವರೆಲ್ಲರ ಋಣ ನಮ್ಮ ಮೇಲಿದೆ.

ಆದರೆ ಆ ಮೊದಲ ಕಾಲದ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸುವ ಪದ್ಧತಿಯಿತ್ತು. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಆ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಮಾತ್ರ ಕಾಣುತ್ತದೆ; ಅದರೊಳಗೆ ಒಂದು ಪದವನ್ನು ಹುಡುಕುವುದೂ ಆಗದು. ಮುಂದಿನ ಆವೃತ್ತಿಗಳು ಯೂನಿಕೋಡಿಗೆ ಬಂದುವಾದರೂ, ಅದಕ್ಕೆ ಹಿಂದೆ ಬೆರಳಚ್ಚಾದ ಪುಸ್ತಕಗಳು, ಆದೇಶಗಳು, ವರದಿಗಳು ಹಳೆಯ ಸೆರೆಯಲ್ಲಿಯೇ ಉಳಿದುವು. ಆ ಸೆರೆಯ ಬಾಗಿಲನ್ನು ತೆರೆಯಲು ಸಾಧನವನ್ನು ಮಾಡಿದವರಲ್ಲಿ, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳನ್ನು ಕೊಟ್ಟ ಅರವಿಂದ ವಿ.ಕೆ. ಅವರೊಬ್ಬರು. ಹಳೆಯ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮೊಂದನ್ನು ಅವರು ಪೈಥಾನಿನಲ್ಲಿ ಬರೆದು, ಯಾರು ಬೇಕಾದರೂ ಬಳಸಿ ತಿದ್ದಲೆಂದು ಬಿಟ್ಟುಕೊಟ್ಟರು. ವಚನ ಸಂಚಯವೆಂಬ ಯೋಜನೆಯನ್ನು ಕೈಗೊಂಡವರು ಸಾವಿರಾರು ವಚನಗಳನ್ನು ಯೂನಿಕೋಡಿಗೆ ತಂದು, ಒಂದು ಪದವು ಯಾವ ಶರಣನ ಯಾವ ವಚನದಲ್ಲಿ ಬಂದಿದೆಯೆಂಬುದನ್ನು ಕ್ಷಣದಲ್ಲಿ ಕಾಣುವಂತೆ ಮಾಡಿದರು. ಪಂಡಿತನೊಬ್ಬನು ವರ್ಷಗಟ್ಟಲೆ ಚೀಟಿ ಬರೆದು ಮಾಡಬೇಕಾಗಿದ್ದ ಕೆಲಸವದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಸರ್ವರಿಗೂ ಮುಕ್ತವಾಯಿತು. ಅದಕ್ಕಾಗಿ ಕೈಲಾಶ್ ನಾಧ್ ಅವರು ರಚಿಸಿದ ಕೆಎನ್‌ಫೋನ್ ಎಂಬ ಸಾಧನವು, ಕಾಗುಣಿತ ತುಸು ತಪ್ಪಿದರೂ ಉಚ್ಚಾರಣೆಯ ಹೋಲಿಕೆಯಿಂದ ಪದವನ್ನು ಗುರುತಿಸುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯವು ಮುದ್ರಿತ ಕನ್ನಡವನ್ನು ಯಂತ್ರವೇ ಓದುವಂತೆ ಮಾಡುವ ತಂತ್ರಾಂಶವನ್ನು ರೂಪಿಸಿದೆ.

ಈ ಪಟ್ಟಿಯನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಬಹುಮಟ್ಟಿಗೆ ಇವು ಒಬ್ಬೊಬ್ಬ ವ್ಯಕ್ತಿಯ ಅಥವಾ ಕೈಬೆರಳಷ್ಟು ಗೆಳೆಯರ ಬಿಡುವಿನ ವೇಳೆಯ ದುಡಿಮೆ. ಒಬ್ಬನಿಗೆ ಕಾಹಿಲೆಯಾದರೆ, ಕೆಲಸ ಬದಲಾದರೆ, ಮನೆಯ ಭಾರ ಹೆಚ್ಚಿದರೆ ಉಪಕರಣಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೊಬ್ಬನು ಬಂದು, ಮೊದಲಿನವನು ಮಾಡಿದ್ದು ತಿಳಿಯದೆ, ಅದನ್ನೇ ಹೊಸದಾಗಿ ಆರಂಭಿಸುತ್ತಾನೆ. ಬಾವಿಗಳನ್ನು ಅಗೆದೂ ಅಗೆದೂ ನೀರು ಬರುವ ಹೊತ್ತಿಗೆ ಬಿಟ್ಟುಬಿಡುವ ಕೆಲಸದಂತಾಯಿತು ಇದು. ಕಾಮಾಕ್ಷಿಪಾಳ್ಯದ ಲೇತಿನವನಿಗೆ ದೊರೆತ ಟೂಲ್ ರೂಮು ಕನ್ನಡದ ತಂತ್ರಾಂಶಕಾರನಿಗೆ ದೊರೆಯಲಿಲ್ಲ. ನಾವು ಹೇಳಬೇಕಾಗಿರುವ ಮುಖ್ಯವಾದ ಮಾತು ಇಷ್ಟೇ.

ಇದಕ್ಕೆ ಕೆಲವರು ಆಕ್ಷೇಪಗಳನ್ನು ಎತ್ತುವುದುಂಟು. ದೊಡ್ಡ ದೊಡ್ಡ ವಿದೇಶಿ ಕಂಪನಿಗಳು ಈಗ ಕನ್ನಡದಲ್ಲಿ ಮಾತಾಡಬಲ್ಲ, ಬರೆಯಬಲ್ಲ ಯಂತ್ರಗಳನ್ನೇ ಮಾಡಿರುವಾಗ ನಮಗೇಕೆ ಈ ಸಣ್ಣ ಉಪಕರಣಗಳ ಗೊಡವೆ ಎಂಬುದು ಮೊದಲನೆಯದು. ಆ ಯಂತ್ರಗಳು ಉಪಯುಕ್ತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅನ್ಯರ ಬಾವಿಯ ನೀರನ್ನು ಕುಡಿಯುವವನು, ಅವರು ಹಗ್ಗ ಎಳೆದುಕೊಂಡ ದಿನ ಬಾಯಾರಿ ಕೂರಬೇಕಾಗುತ್ತದೆ. ಖಾದಿಯನ್ನು ನೇಯ್ದವರು ಮ್ಯಾಂಚೆಸ್ಟರಿನ ಬಟ್ಟೆ ಕೆಟ್ಟದೆಂದು ನೇಯಲಿಲ್ಲ; ನಮ್ಮ ಮೈಮುಚ್ಚುವ ಅಧಿಕಾರ ನಮ್ಮ ಕೈಯಲ್ಲಿರಬೇಕೆಂದು ನೇಯ್ದರು. ಮೇಲಾಗಿ, ಯಾವ ಯಂತ್ರವೇ ಆಗಲಿ, ಕನ್ನಡವನ್ನು ಸರಿಯಾಗಿ ಬರೆಯಿತೋ ಇಲ್ಲವೋ ಎಂದು ಅಳೆಯುವ ಗೇಜು ನಮ್ಮಲ್ಲಿರದಿದ್ದರೆ, ಅದು ಕೊಟ್ಟುದನ್ನೇ ಸರಿಯೆಂದು ನಂಬಬೇಕಾಗುತ್ತದೆ.

ಕನ್ನಡದಂಥ ಭಾಷೆಗೆ ಇಷ್ಟು ಖರ್ಚು ತೂಗುವುದೇ ಎಂಬುದು ಎರಡನೆಯ ಆಕ್ಷೇಪ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4 ಕೋಟಿ 37 ಲಕ್ಷ. ಯುರೋಪಿನ ಎಸ್ಟೋನಿಯಾ ದೇಶದ ಒಟ್ಟು ಪ್ರಜೆಗಳು ಸುಮಾರು 13 ಲಕ್ಷ. ನಮ್ಮ ಒಂದು ಸಾಧಾರಣ ಜಿಲ್ಲೆಯಷ್ಟು. ಆ ದೇಶದ ಸರ್ಕಾರವು ತನ್ನ ಭಾಷೆಯ ಗಣಕಸಾಧನಗಳಿಗೆಂದೇ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿದೆ. ಅಲ್ಲಿಯ ಟಾರ್ಟು ವಿಶ್ವವಿದ್ಯಾಲಯದವರು ಎಸ್ಟೋನಿಯನ್ ಭಾಷೆಯ ಪದಗಳನ್ನು ಬಿಡಿಸಿ, ವಿಭಕ್ತಿ ಪ್ರತ್ಯಯಗಳನ್ನು ಗುರುತಿಸುವ ಪೈಥಾನ್ ಉಪಕರಣದ ಕಟ್ಟನ್ನೇ ಮಾಡಿ ಜಗತ್ತಿಗೆ ಮುಕ್ತವಾಗಿ ಕೊಟ್ಟಿದ್ದಾರೆ. ಅಷ್ಟು ದೂರ ಹೋಗುವುದೇಕೆ? ನೆರೆಯ ಕೇರಳದಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಸಂಘವು ಎರಡು ದಶಕಗಳಿಂದ ಅಕ್ಷರಶೈಲಿ, ಕಾಗುಣಿತ ಪರೀಕ್ಷಕ, ಕೀಲಿಮಣೆಗಳನ್ನು ಮಾಡುತ್ತಲೂ ಮಾಡಿದುದನ್ನು ಕಾಪಾಡುತ್ತಲೂ ಬಂದಿದೆ. ಅವರಿಗಿರುವ ಛಲ ನಮಗಿಲ್ಲವೆಂದು ಒಪ್ಪಲು ನಾವು ಸಿದ್ಧರಿಲ್ಲ.

ಪ್ರೋಗ್ರಾಮಿಂಗ್ ಭಾಷೆಯ ಪದಗಳನ್ನೇ ಕನ್ನಡಕ್ಕೆ ತಿರುಗಿಸಬೇಕೆಂದು ಹೇಳುವ ಉತ್ಸಾಹಿಗಳೂ ಇದ್ದಾರೆ. ಅವರ ಅಭಿಮಾನವನ್ನು ಗೌರವಿಸುತ್ತೇವೆ. ಆದರೆ ಅದು ಪ್ರಕೃತದ ತುರ್ತಲ್ಲ. ಲೇತಿಗೆ ಕನ್ನಡ ಹೆಸರಿಟ್ಟ ಮಾತ್ರಕ್ಕೆ ಲೇತಿನ ಕೆಲಸ ಬಂದಂತಾಗುವುದಿಲ್ಲ. ಲೇತನ್ನು ನಡೆಸುವ ವಿದ್ಯೆಯನ್ನು ಕನ್ನಡದಲ್ಲಿ ಹೇಳಿಕೊಡಬಲ್ಲ ಮೇಸ್ತ್ರಿಯೊಬ್ಬನಿದ್ದರೆ ಹುಡುಗನು ಆರು ತಿಂಗಳಲ್ಲಿ ಕಸುಬುದಾರನಾಗುತ್ತಾನೆ. ತಂತ್ರಾಂಶದಲ್ಲಿಯೂ ಬೇಕಾಗಿರುವುದು ಆ ಮೇಸ್ತ್ರಿ.

ಇನ್ನು ಮಾಡಬೇಕಾದುದೇನು? ನಮ್ಮ ಅಭಿಮತವನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ.

ಮೊದಲನೆಯದಾಗಿ, ಕನ್ನಡಕ್ಕೊಂದು ಸಾರ್ವಜನಿಕ ಗೇಜನ್ನು ಮಾಡತಕ್ಕದ್ದು. ಎಣಿಕೆ, ಅಕಾರಾದಿ, ಹುಡುಕಾಟ, ಹೆಸರುಗಳ ಹೋಲಿಕೆ, ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವ ಸ್ಥಾನ, ಇಂಥ ಒಂದೊಂದು ವಿಷಯಕ್ಕೂ ಸರಿಯುತ್ತರ ಸಹಿತವಾದ ಉದಾಹರಣೆಗಳ ಪಟ್ಟಿಯನ್ನು ವೈಯಾಕರಣರೂ ತಂತ್ರಜ್ಞರೂ ಕೂಡಿ ಸಿದ್ಧಪಡಿಸಿ, ಯಾರು ಬೇಕಾದರೂ ತಮ್ಮ ಪ್ರೋಗ್ರಾಮನ್ನು ಅದರ ಮೇಲೆ ಓಡಿಸಿ ನೋಡುವಂತೆ ಪ್ರಕಟಿಸಬೇಕು. ಸರ್ಕಾರದವರು ಕೊಳ್ಳುವ ಅಥವಾ ಮಾಡಿಸುವ ಯಾವ ತಂತ್ರಾಂಶವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಹಣ ಪಾವತಿಯಾಗಕೂಡದು. ಕಬ್ಬಿಣದ ಸಲಾಕೆಯನ್ನು ತೂಗಿ ನೋಡದೆ ಬಿಲ್ಲು ಮಂಜೂರು ಮಾಡದ ಅಧಿಕಾರಿಯು ಕನ್ನಡವನ್ನು ಮಾತ್ರ ತೂಗದೆ ಒಪ್ಪಿಕೊಳ್ಳುವುದು ಯಾವ ನ್ಯಾಯ?

ಎರಡನೆಯದಾಗಿ, ಸಾರ್ವಜನಿಕರ ಹಣದಿಂದ ಆದ ಉಪಕರಣವು ಸಾರ್ವಜನಿಕರದಾಗಿರಬೇಕು. ಕನ್ನಡಕ್ಕಾಗಿ ಬರೆಸಿದ ಪ್ರೋಗ್ರಾಮಿನ ಮೂಲವನ್ನು ಮುಕ್ತ ಪರವಾನಗಿಯಲ್ಲಿ ಹೊರಗಿಡತಕ್ಕದ್ದು. ಮುಚ್ಚಿಟ್ಟ ತಂತ್ರಾಂಶವು ಗುತ್ತಿಗೆದಾರನೊಡನೆ ಬರುತ್ತದೆ, ಅವನೊಡನೆಯೇ ಹೋಗುತ್ತದೆ.

ಮೂರನೆಯದಾಗಿ, ಹೊಸದನ್ನು ಮಾಡುವವರಿಗೆ ಕೊಡುವ ಬಹುಮಾನಕ್ಕಿಂತ ಇದ್ದುದನ್ನು ಕಾಪಾಡುವವರಿಗೆ ಕೊಡುವ ಸಂಬಳ ಮುಖ್ಯವೆಂಬುದನ್ನು ಅರಿಯಬೇಕು. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಆದರೆ ವರ್ಷ ವರ್ಷವೂ ಹೂಳೆತ್ತುವವನಿಲ್ಲದಿದ್ದರೆ ಕೆರೆ ಉಳಿಯುವುದಿಲ್ಲ. ಹತ್ತಾರು ಮಂದಿ ತಂತ್ರಜ್ಞರನ್ನು ಖಾಯಂ ಆಗಿ ನೇಮಿಸಿ, ಕನ್ನಡದ ಉಪಕರಣಗಳನ್ನು ನೋಡಿಕೊಳ್ಳುವುದೊಂದೇ ಅವರ ಕೆಲಸವೆಂದು ಗೊತ್ತುಮಾಡಿದರೆ ಐದು ವರ್ಷಗಳಲ್ಲಿ ಚಿತ್ರವೇ ಬದಲಾಗುತ್ತದೆ. ಯೂನಿಕೋಡ್ ಮಂಡಲಿಯ ಮುಂದೆ ನಮ್ಮ ಒತ್ತಕ್ಷರದ ವಕಾಲತ್ತನ್ನು ಮಾಡತಕ್ಕವರೂ ಇವರೇ.

ನಾಲ್ಕನೆಯದಾಗಿ, ಕಲಿಕೆ. ಪೈಥಾನಿನ ಅಧಿಕೃತ ಕೈಪಿಡಿಗಳನ್ನು ಅನುವಾದಿಸುವ ಕ್ರಮವನ್ನು ಆ ಸಮುದಾಯದವರು 2017ರಲ್ಲಿಯೇ ಗೊತ್ತುಪಡಿಸಿದ್ದಾರೆ. ಜಪಾನೀ, ಫ್ರೆಂಚ್, ಕೊರಿಯನ್ ಭಾಷೆಯವರು ಅದರ ಪ್ರಯೋಜನವನ್ನು ಪಡೆದರು. ಆ ಸಾಲಿನಲ್ಲಿ ಕನ್ನಡವು ಪೂರ್ಣವಾಗಿ ನಿಲ್ಲಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯು ಲೆಕ್ಕದಲ್ಲಿ ಮೊದಲಿಗಳಾಗಿದ್ದರೂ, ಪರದೆಯ ಮೇಲೆ ಬರುವ ಇಂಗ್ಲಿಷಿನ ತಪ್ಪುಸೂಚನೆಯೊಂದನ್ನು ಓದಲಾರದೆ, ತನಗೆ ಈ ವಿದ್ಯೆ ಹತ್ತದೆಂದು ಹಿಂದೆ ಸರಿಯುವುದು ನಾಡಿಗೆ ಆಗುವ ನಷ್ಟ. ಇಂಗ್ಲಿಷನ್ನು ಅವಳು ಕಲಿಯಲಿ, ಕಲಿಯಲೇಬೇಕು. ಆದರೆ ಬುದ್ಧಿಯ ಬಾಗಿಲಲ್ಲಿ ಇಂಗ್ಲಿಷನ್ನು ಕಾವಲಿಗೆ ನಿಲ್ಲಿಸುವುದು ತರವಲ್ಲ.

ಇದಕ್ಕೆಲ್ಲ ಸ್ಥಳವಾವುದೆಂದರೆ, ಪಶ್ಚಿಮ ಬೆಂಗಳೂರಿಗಿಂತ ತಕ್ಕುದನ್ನು ನಾವು ಕಾಣೆವು. ಮೈಸೂರು ರಸ್ತೆಯಲ್ಲಿ 1963ರಿಂದ ನಡೆದುಬಂದಿರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜಿದೆ, ಅದರ ಸಮೀಪದಲ್ಲಿಯೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಿದ್ದು, ಅಲ್ಲಿ ಕನ್ನಡದ ಪ್ರಾಧ್ಯಾಪಕರಿದ್ದಾರೆ. ಮಲ್ಲತ್ತಹಳ್ಳಿಯಲ್ಲಿ ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯವಿದೆ. ವ್ಯಾಕರಣ ಬಲ್ಲವರೂ ಯಂತ್ರ ಬಲ್ಲವರೂ ಒಂದು ಮೆಟ್ರೋ ಟಿಕೇಟಿನ ದೂರದಲ್ಲಿರುವಾಗ ಒಬ್ಬರ ಮುಖವನ್ನೊಬ್ಬರು ನೋಡದಿರುವುದು ಶೋಚನೀಯ. ತಂತ್ರಜ್ಞರ ಸಭೆಗಳು ಸಾಮಾನ್ಯವಾಗಿ ಊರಿನ ಪೂರ್ವಕ್ಕೋ ದಕ್ಷಿಣಕ್ಕೋ ಸೇರುತ್ತವೆ, ಇಂಗ್ಲಿಷಿನಲ್ಲಿ ನಡೆಯುತ್ತವೆ. ತಿಂಗಳಿಗೊಂದು ಭಾನುವಾರ, ವಿಜಯನಗರದಲ್ಲಿಯೋ ರಾಜಾಜಿನಗರದಲ್ಲಿಯೋ ಒಂದು ಸಾರ್ವಜನಿಕ ಗ್ರಂಥಾಲಯದ ಕೊಠಡಿಯಲ್ಲಿ, ಇಪ್ಪತ್ತು ಮಂದಿ ಕುಳಿತು ಕನ್ನಡದಲ್ಲಿ ಮಾತಾಡುತ್ತ ಕನ್ನಡದ ಒಂದು ಉಪಕರಣವನ್ನು ತಿದ್ದಿದರೆ ಅದಕ್ಕೆ ಬೇಕಾದ ಖರ್ಚು ಕಾಫಿಯದಷ್ಟೇ. 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗ ರೂಪುಗೊಂಡ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯವರು, ತಮ್ಮ ಕಡತಗಳ ಹೆಸರು ಹುಡುಕಾಟವನ್ನೇ ಈ ಸಭೆಗೆ ಮೊದಲ ಸಮಸ್ಯೆಯಾಗಿ ಒಪ್ಪಿಸಲಿ. ಪರರ ಸಮಸ್ಯೆಯನ್ನು ಬಿಡಿಸಿ ಪಳಗಿದ ಕೈಗಳು ನಮ್ಮ ಸಮಸ್ಯೆಯ ಮುಂದೆ ಸೋಲಲಾರವು.

ಮಹಾಜನರಿಗೆ ಒಂದು ಮಾತು. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ನಿಂತು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದಾಗ ಇಂಗ್ಲಿಷ್ ಓದಿದವರಿಗೆ ಕನ್ನಡದಲ್ಲಿ ಪುಸ್ತಕ ಬರೆಯುವುದು ಅಗೌರವವಾಗಿ ಕಾಣುತ್ತಿತ್ತು. ಅನಂತರ ಒಂದು ತಲೆಮಾರಿನೊಳಗೆ ಹೊಸಗನ್ನಡದ ಸಾಹಿತ್ಯವು ಅರಳಿತು. ಅಂದಿನ ಕೊರತೆ ಪುಸ್ತಕದ್ದು. ಇಂದಿನ ಕೊರತೆ ಉಪಕರಣದ್ದು. ಅಧಿಕಾರಿ ವರ್ಗದವರು ಈ ಲೇಖನವನ್ನು ಓದಿ ಮಡಿಚಿಡುವ ಮುನ್ನ ಒಂದು ಕೆಲಸ ಮಾಡಲಿ. ತಮ್ಮ ಕಚೇರಿಯ ತಂತ್ರಾಂಶದಲ್ಲಿ ಬಸವನಗುಡಿ, ಬಳ್ಳಾರಿಗಳೆಂಬ ಎರಡು ಹೆಸರುಗಳನ್ನು ಕೊಟ್ಟು ಅಕಾರಾದಿಯಾಗಿ ಜೋಡಿಸೆಂದು ಕೇಳಲಿ. ಬಳ್ಳಾರಿ ಮೊದಲು ಬಂದರೆ, ನಾವು ಹೇಳಿದ ಟೂಲ್ ರೂಮಿನ ಕೆಲಸ ಎಲ್ಲಿಂದ ಆರಂಭವಾಗಬೇಕೆಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತದೆ.